ಹಿಡಿ ಸಡಿಲಾಗುವವರೆಗೆ

ಗುಡ್ಡದಯ್ಯನಿಗೆ ಒಯ್ಯುವ ಹೂವಿನ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಹೇಳುತ್ತಿದ್ದೇನೆ. ಹೂವಿನ ಎದುರು ಹೆಚ್ಚು ಕಡಿಮೆ ಹೇಳಿದರೆ ಹೂವು ಬೇಗ ಬಾಡುತ್ತದೆ ಎಂದು ನಮ್ಮವ್ವ ಅನ್ನುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ನೀವೇ ಬುಟ್ಟಿಯ ಬಟ್ಟೆ ಸರಿಸಿ ನೋಡಬಹುದು.

ನಮ್ಮ ಊರಿನಲ್ಲಿ ಸೈಕಲ್ ರಿಪೇರಿ ಮಾಡಿಸಬೇಕೆಂದರೆ ಮೊದಲು ಅಂಗಡಿಯ ಬೆಂಚಿನ ಮೇಲೆ ಕೂತು ಮಾತಾಡಬೇಕು. ತಂದವನು ತನ್ನ ಮಾತನ್ನು ಪೂರ್ತಿ ಹೇಳಬೇಕು, ನಟ್ಟು ಬಿಗಿಯುವವರು ಅದನ್ನು ಪೂರ್ತಿ ಕೇಳಬೇಕು. ಆಗ ಬಿಗಿದ ನಟ್ಟು ನಿಲ್ಲುತ್ತದೆ. ಅರ್ಧ ಕೇಳಿ ಬಿಗಿದದ್ದು ಗುಡ್ಡದ ಏರಿನಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ನೀರು ಯಾಕೆ ಇಳಿಜಾರಿಗೇ ಹರಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಇದನ್ನೂ ಯಾರೂ ಕೇಳಿಲ್ಲ. ಹೊಂದಿಕೊಂಡಿದ್ದೇವೆ, ಅಷ್ಟೆ.

ಬ್ರೇಕ್ ಹಿಡಿಯುತ್ತಿಲ್ಲ ಎಂದು ಶುರುಮಾಡಿದವರು ನಿಧಾನಕ್ಕೆ ಸೊಸೆಯ ಮಾತಿಗೆ ಬರುತ್ತಾರೆ. ಸೊಸೆಯರು ಚೈನ್ ಕಳಚುತ್ತದೆ ಎಂದು ಮರುದಿನ ಬರುತ್ತಾರೆ. ಹೆಣ್ಣು ಕೊಡಲು ಬಂದ ಬೀಗರು ಹುಡುಗನ ಮನೆ ಹೊಲ ನೋಡುವ ಮೊದಲು ಅವನ ಸೈಕಲ್ಲಿನ ಹಿಂದಿನ ಗಾಲಿಯನ್ನು ಅಲ್ಲಾಡಿಸಿ ನೋಡುತ್ತಾರೆ. ಗಾಲಿ ಕುಣಿದರೆ ಹುಡುಗ ಏನೋ ಮುಚ್ಚಿಡುತ್ತಿದ್ದಾನೆ ಎಂದು ಅರ್ಥ. ಭಾಷಣ ಮಾಡುವ ಮುಖಂಡರು ಮಾತ್ರ ನಡೆದೇ ಓಡಾಡುತ್ತಾರೆ. ಅವರ ಮಾತು ಮುಗಿಯುವವರೆಗೆ ಕೂರುವ ಅಂಗಡಿಯವನು ಇನ್ನೂ ಹುಟ್ಟಿಲ್ಲ.

ರಿಪೇರಿಯಾದ ಸೈಕಲ್ಲನ್ನು ಗುಡ್ಡದ ಮೇಲಿನ ಗುಡಿಯವರೆಗೆ ತುಳಿದುಕೊಂಡು ಹೋಗಿ ಅಲ್ಲಿನ ಗಂಟೆಯ ಹಗ್ಗ ಜಗ್ಗುವುದು ರೂಢಿ. ಗಂಟೆ ಬಾರಿಸಿದರೆ ಗೋಪುರದ ಪಾರಿವಾಳಗಳು ಒಮ್ಮೆಗೇ ಹಾರುತ್ತವೆ, ಸದ್ದು ಊರಿಗೆಲ್ಲ ಕೇಳುತ್ತದೆ. ಕೆಳಗೆ ಅಂಗಡಿಯವರು ತಲೆಯೆತ್ತಿ, ತಾವು ಬಿಗಿದ ನಟ್ಟು ನಿಂತಿತು ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಆ ಗಂಟೆಯೇ ನಮ್ಮೂರಿನ ರಸೀದಿ.

ನಾನು ಗುರುಪಾದ, ಹೂಗಾರರವನು. ದಿನವೂ ಬೆಳಗಿನ ಪೂಜೆಗೆ ಹೂವು ಒಯ್ಯುವುದು ನನ್ನ ಸೇವೆ. ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಇದ್ದದ್ದು ಒಂದು ತೋಟದ ತುಂಡು, ಒಂದು ಸೈಕಲ್ಲು, ಒಬ್ಬ ದೇವರು. ಆ ಸೈಕಲ್ಲನ್ನು ಹುಸೇನಬಿ ಬಿಟ್ಟು ಬೇರೆ ಯಾರೂ ಮುಟ್ಟಿದ್ದಿಲ್ಲ.

ಹುಸೇನಬಿಯ ಅಂಗಡಿ ಗುಡ್ಡದ ಬುಡದಲ್ಲಿ, ಏರು ಶುರುವಾಗುವ ತಿರುವಿನಲ್ಲಿದೆ. ಅವಳ ಅಪ್ಪ ಮಸ್ತಾನಸಾಬರು ಹಾಕಿದ್ದು. ತಗಡಿನ ಸೂರು, ಬೇವಿನ ಟೊಂಗೆಗೆ ನೇತುಹಾಕಿದ ಹಳೆಯ ಟೈರು, ಪಂಚರ್ ನೋಡಲು ನೀರು ತುಂಬಿಟ್ಟ ಕಲ್ಲಿನ ಬಾನಿ, ಮತ್ತು ಆ ಬೆಂಚು. ಕೂತವರು ಕೂತು ಕೂತು ಅದರ ಹಲಗೆ ಗುಡಿಯ ಹೊಸ್ತಿಲಿನಷ್ಟು ನುಣುಪಾಗಿತ್ತು. ಗಿರಾಕಿ ಬಂದರೆ ಅವಳು ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನ ಕೆಳಗಿಟ್ಟು, ಎಣ್ಣೆಯ ಕೈ ಒರೆಸಿಕೊಂಡು, ಬೋರಲು ಹಾಕಿದ ಡಬ್ಬದ ಮೇಲೆ ಎದುರಿಗೆ ಕೂರುತ್ತಿದ್ದಳು. ಬುದ್ಧಿ ಹೇಳುತ್ತಿರಲಿಲ್ಲ, ಅಯ್ಯೋ ಪಾಪ ಅನ್ನುತ್ತಿರಲಿಲ್ಲ. ಮಾತು ನಿಂತಾಗ “ಮುಂದ?” ಅನ್ನುತ್ತಿದ್ದಳು. ಆ ಒಂದು ಶಬ್ದಕ್ಕೆ ಎಂಥ ಬಿಗಿದ ಬಾಯಿಯೂ ತೆರೆದುಕೊಳ್ಳುತ್ತಿತ್ತು.

ಪೇಟೆಯಲ್ಲಿ ಈರಪಾಕ್ಷಿಯ ದೊಡ್ಡ ಅಂಗಡಿಯೂ ಇತ್ತು. ಮೆತ್ತನೆಯ ಕುರ್ಚಿ, ಬಂದವರಿಗೆ ಬೆಲ್ಲದ ಪಾನಕ. ಕೆಟ್ಟವನಲ್ಲ, ಬರೀ ಅವಸರದವನು. “ಸಣ್ಣಾಗಿ ಹೇಳ್ರಿ, ಬಿಡಿಸಿ ಬ್ಯಾಡ” ಅನ್ನುವುದು ಅವನ ರೂಢಿ. ಒಮ್ಮೆ ಕೇಳಲು ಒಬ್ಬ, ಬಿಗಿಯಲು ಒಬ್ಬ ಎಂದು ಆಳು ಇಟ್ಟು ನೋಡಿದ. ಆ ವಾರ ಅವನ ಅಂಗಡಿಯ ಸೈಕಲ್ಲುಗಳೆಲ್ಲ ಏರಿನಲ್ಲಿ ಸಾಲಾಗಿ ಬಿದ್ದವು. ಬಾಡಿಗೆಯ ಕಿವಿಗೆ ನಟ್ಟು ಮರುಳಾಗಲಿಲ್ಲ. ಊರು ನಕ್ಕಿತು, ನಾನೂ ನಕ್ಕೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಸೈಕಲ್ಲನ್ನು ಹುಸೇನಬಿಯ ಮುಂದೆ ನಿಲ್ಲಿಸಿದೆ.

“ಯಾಕ ಕಾಕಾ, ಹಿಂದಿನ ಗಾಲಿ ಕುಣ್ಯಾಕತ್ತೈತಿ?” ಅಂದಳು.

“ಕುಣೀತೈತಿ ನೋಡವಾ. ಮೊನ್ನೆ ಏರಿನಾಗ ಅರ್ಧಕ್ಕ ಇಳದು ನೂಕಿಕೋತ ಹೋದೆ. ಉಸಿರು ಸಾಲಲಿಲ್ಲ. ಹುಣಸಿಮರದ ತಿರುವಿನಾಗ ಬುಟ್ಟಿ ನೋಡಿಕೋತ ನಿಂತೆ...”

ಅಲ್ಲಿಗೆ ನಾನು ನಿಲ್ಲಿಸಿದೆ. ನಮ್ಮೂರಲ್ಲಿ ಹೀಗೆ ನಿಲ್ಲಿಸುವುದು ಹೊಸದಲ್ಲ. ಎಲ್ಲಕ್ಕಿಂತ ಭಾರದ ಮಾತು ಬರುವ ಮೊದಲು ಮನುಷ್ಯ ಒಮ್ಮೆ ಉಗುಳು ನುಂಗುತ್ತಾನೆ. ಅಂಥ ಹೊತ್ತಿನಲ್ಲಿ ಅವಳು ಬೇವಿನ ನೆರಳನ್ನು ನೋಡುತ್ತ ಕಾಯುವವಳು. ಅಂದು ಕಾಯಲಿಲ್ಲ. ತಲೆಯಾಡಿಸಿ ಪಾನ ಎತ್ತಿಕೊಂಡು ನಟ್ಟು ಬಿಗಿದಳು. ಅವಳಿಗೆ ಸಾಕೆನಿಸಿರಬೇಕು ಎಂದುಕೊಂಡು ನಾನೂ ಹೊರಟೆ.

ಹುಣಸೆಮರದ ತಿರುವಿನಲ್ಲಿ ಗಾಲಿ ಕಳಚಿತು. ಮೊಣಕಾಲು ಒಡೆಯಿತು, ಹೂವೆಲ್ಲ ಕಲ್ಲಿನ ಮೇಲೆ ಚೆಲ್ಲಿತು. ಅಂದಿನ ಪೂಜೆ ಬರೀ ಪತ್ರೆಯಲ್ಲಿ ಆಯಿತು.

ನೂಕಿಕೊಂಡು ಕೆಳಗೆ ಬಂದಾಗ ಅವಳು ಬೆನ್ನು ಹಾಕಿ ಕೂತಿದ್ದಳು. ಕರೆದೆ. ತಿರುಗಲಿಲ್ಲ. ಸೈಕಲ್ಲು ನನ್ನ ಕೈತಪ್ಪಿ ನೆಲದ ಮೇಲಿದ್ದ ಹಳೆಯ ತಗಡಿನ ಮೇಲೆ ಬಿತ್ತು. ಬೇವಿನ ಮೇಲಿನ ಕಾಗೆಗಳು ಹಾರಿದವು, ಅವಳು ತಿರುಗಲಿಲ್ಲ. ಸುತ್ತುಹಾಕಿ ಎದುರಿಗೆ ನಿಂತೆ. ಅವಳು ನನ್ನ ಮೊಣಕಾಲು ನೋಡಿದಳು, ಆಮೇಲೆ ಮುಖ ನೋಡಿದಳು. ನಾನು ಕಿವಿ ಮುಟ್ಟಿಕೊಂಡು, ಹೌದೇನು ಎಂಬಂತೆ ಕೈ ತಿರುಗಿಸಿದೆ.

“ಮೊದಲ ಗುಬ್ಬಿ ಸುಮ್ಮನಾದುವು ಕಾಕಾ” ಅಂದಳು. “ಆಮ್ಯಾಲ ಪಂಪು ಸುಮ್ಮನಾತು. ಈಗ ಮಂದಿ. ತುಟಿ ನೋಡಿಕೋತ ಅಂದಾಜು ಮಾಡ್ತೀನಿ. ತುಟಿ ನಿಂತ್ರ ಮುಗೀತು ಅನ್ಕೋತೀನಿ.”

ತುಟಿ ನಿಂತರೆ ಮಾತು ಮುಗಿದಂತಲ್ಲ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವಳು ನನ್ನ ಮೊಣಕಾಲಿಗೆ ಅರಿಶಿನ ಮೆತ್ತಿದಳು.

ನನಗೆ ಒಂದು ಉಪಾಯ ಹೊಳೆಯಿತು. ಪೂಜೆ ಮುಗಿಸಿ ಬಂದು ಅವಳ ಪಕ್ಕದಲ್ಲಿ ಕೂರುವುದು, ಗಿರಾಕಿಯ ಮಾತು ನಿಜವಾಗಿ ಮುಗಿದಾಗ ಬೆರಳೆತ್ತಿ ತೋರಿಸುವುದು. ಕನ್ನಡ ಶಾಲೆಯ ಸುಲೋಚನಾ ಅಕ್ಕೋರು ಬಂದರು. ಅವರ ಮಾತನ್ನು ನಾನು ಉಸಿರು ಬಿಗಿಹಿಡಿದು ಕೇಳಿದೆ, ಕಡೆಯ ಮಾತು ಕಳೆದ ಮೇಲೂ ತಡೆದು ಬೆರಳೆತ್ತಿದೆ. ಅಕ್ಕೋರು ಎರಡನೆಯ ತಿರುವಿನಲ್ಲೇ ಬಿದ್ದು ಕೈ ಮುರಿದುಕೊಂಡರು. ಕೇಳಿದ್ದು ನನ್ನ ಕಿವಿ, ಬಿಗಿದದ್ದು ಅವಳ ಕೈ. ಈರಪಾಕ್ಷಿಯ ಬಾಡಿಗೆಯ ಕಿವಿಗೆ ನಕ್ಕವನು ಅದನ್ನೇ ಪುಕ್ಕಟೆ ಮಾಡಿದ್ದೆ.

ಸಂಜೆಗೆ ಸೈಕಲ್ ಅಂಗಡಿಯವರೆಲ್ಲ ಬೇವಿನ ಮರದ ಕೆಳಗೆ ಸೇರಿದರು. ನಮ್ಮಲ್ಲಿ ಅಂಗಡಿ ಮುಚ್ಚಿಸುವುದಕ್ಕೆ ಬೀಗ ಹಾಕುವುದಿಲ್ಲ. ಬೆಂಚನ್ನು ಬೋರಲು ಹಾಕುತ್ತಾರೆ. ಬೋರಲು ಬಿದ್ದ ಬೆಂಚಿನ ಮುಂದೆ ಯಾರೂ ನಿಲ್ಲುವುದಿಲ್ಲ.

“ಕಿವಿ ಇಲ್ಲದಾಕಿ ಸೈಕಲ್ ಅಂಗಡಿ ಇಟ್ರ, ನಾಳೆ ಮೂಗಿಲ್ಲದಾಂವ ಅತ್ತರಿನ ಅಂಗಡಿ ಇಡ್ತಾನ” ಎಂದ ಈರಪಾಕ್ಷಿ.

“ನಿನಗ ಎರಡ ಕಿವಿ ಅದಾವಲ್ಲ, ಒಂದರೆ ಉಪಯೋಗಕ್ಕ ಬಂದೈತೇನು?” ಎಂದರು ಕಲ್ಲಪ್ಪಜ್ಜ. ಎಲ್ಲರಿಗಿಂತ ಹಳೆಯ ಅಂಗಡಿ ಅವರದು, ಹಿರಿಯರು. ಅಜ್ಜ ಹುಸೇನಬಿಯ ಎದುರು ಬಂದು ಅವಳಿಗೆ ತುಟಿ ಕಾಣುವಂತೆ ನಿಂತರು.

“ಹುಡುಗಿ, ನಿಮ್ಮಪ್ಪನ ಕೂಡ ಇದ ಬೆಂಚಿನ ಮ್ಯಾಲ ಚಾ ಕುಡದಾಂವ ನಾ. ಆದ್ರ ಅಕ್ಕೋರ ಕೈ ಮುರದೈತಿ. ನಾಳೆ ಯಾರದರ ತಲಿ ಒಡೀತದ. ಇನ್ನೊಂದ ಸೈಕಲ್ಲ, ಅಷ್ಟ. ಅದು ಗಂಟಿ ಮುಟ್ಟಿದ್ರ ಬೆಂಚು ಹಂಗ ಇರಲಿ. ಮುಟ್ಟಲಿಲ್ಲಂದ್ರ ನಿನ್ನ ಕೈಲೇನ ಬೋರಲ ಹಾಕು.”

ಅವಳು ತಲೆಯಾಡಿಸಿದಳು. ಆ ಇನ್ನೊಂದು ಸೈಕಲ್ಲು ಯಾರದು ಎಂದು ಯಾರೂ ಕೇಳಲಿಲ್ಲ. ಯಾರೂ ತರುವವರಿರಲಿಲ್ಲ. ಮರುದಿನ ನಾನೇ ನನ್ನದನ್ನು ಒಯ್ದು ನಿಲ್ಲಿಸಿದೆ. ಅವಳು ಮುಟ್ಟಲಿಲ್ಲ.

“ಬ್ಯಾಡ ಕಾಕಾ. ನಿಮ್ಮ ಮಾತು ಆವತ್ತ ನಾ ಅರ್ಧಕ್ಕ ಕತ್ತರಿಸೀನಿ. ಕೇಳಾಕ ಬರೂತನಾ ಇದನ್ನ ಮುಟ್ಟೂದಿಲ್ಲ.”

ಹಾಗಾಗಿ ನಾನು ಬುಟ್ಟಿ ಹೊತ್ತು ನಡೆದೇ ಏರು ಹತ್ತತೊಡಗಿದೆ. ಪೇಟೆ ದಾಟುವಾಗ ಈರಪಾಕ್ಷಿ ಬಾಗಿಲಲ್ಲಿ ನಿಂತು ಕರೆಯುತ್ತಿದ್ದ. “ಕಾಕಾ, ನನ್ನ ಕುರ್ಚಿ ಖಾಲಿ ಐತ್ರಿ. ಎಷ್ಟ ದಿನ ನಡೀತೀರಿ?”

“ದೇವರು ಕಾಲು ಕೊಟ್ಟಾನಲ್ಲಪಾ.”

“ಸೈಕಲ್ಲೂ ಆತನ ಕೊಟ್ಟಾನಲ್ರಿ.”

ನಡೆದು ಮೇಲೆ ಮುಟ್ಟುವಷ್ಟರಲ್ಲಿ ಮೈ ಸೋತಿರುತ್ತಿತ್ತು. ಪೂಜೆಯಾದ ಮೇಲೆ ಗರ್ಭಗುಡಿಯ ಎದುರು ಕೂತು ದಣಿವಾರಿಸಿಕೊಳ್ಳುತ್ತಿದ್ದೆ. ಒಂದು ದಿನ ಹಾಗೇ ನೋಡುತ್ತ ಕೂತಾಗ ಒಂದು ಸಂಗತಿ ಕಂಡಿತು. ದಿನಾ ಎಷ್ಟು ಮಂದಿ ಬಂದು ಆ ಕಲ್ಲಿನ ಮೇಲೆ ಹಣೆಯಿಟ್ಟು, ಕೈಯಿಟ್ಟು ತಮ್ಮ ಮಾತು ಹೇಳಿಕೊಳ್ಳುತ್ತಾರೆ. ಲಿಂಗಕ್ಕೆ ಕಿವಿ ಕೆತ್ತಿದವರು ಯಾರೂ ಇಲ್ಲ. ಅದಕ್ಕೆಂದು ಯಾರೂ ಹೇಳದೆ ಹೋಗಿಲ್ಲ. ಈ ವಿಚಾರವನ್ನು ಕೆಳಗಿಳಿದು ಹುಸೇನಬಿಗೆ ಹೇಗೆ ತಿಳಿಸಬೇಕೋ ಗೊತ್ತಾಗದೆ ನನ್ನೊಳಗೇ ಇಟ್ಟುಕೊಂಡೆ.

ಆ ದಿನಗಳಲ್ಲೇ ಸಾಣೆಯವನು ಬಂದ.

ಯಾವ ಕಡೆಯಿಂದ ಬಂದನೋ ತಿಳಿಯದು. ಸೈಕಲ್ಲಿನ ಮೇಲೆ ಚಾಕು ಕತ್ತರಿ ಮಸೆಯುವ ಸಾಣೆಕಲ್ಲು ಕಟ್ಟಿಕೊಂಡಿದ್ದ, ತಲೆಗೆ ಮಾಸಿದ ಕೆಂಪು ರುಮಾಲು. ಅವನ ಭಾಷೆ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಹಿಂದಿನ ಗಾಲಿಯ ನಟ್ಟು ಕಳಚಿತ್ತು. ಗುಡ್ಡದ ಕಡೆ ಕೈ ತೋರಿಸುತ್ತಿದ್ದ, ಎದೆ ಮುಟ್ಟಿಕೊಳ್ಳುತ್ತಿದ್ದ. ಗುಡ್ಡದಾಚೆ ಯಾರೋ ಇದ್ದಾರೆ, ತಡವಾದರೆ ಆಗದು ಎನ್ನುವಷ್ಟು ಮಾತ್ರ ನಮಗೆ ತಿಳಿಯಿತು.

ಈರಪಾಕ್ಷಿ ಸೈಕಲ್ಲನ್ನು ಆಳಿನ ಕೈಗೆ ಕೊಟ್ಟು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಪಾನಕ ಕೊಟ್ಟು, ತಲೆಯಾಡಿಸಿ ನಟ್ಟು ಬಿಗಿದ. ಏರಿನ ಮೊದಲಲ್ಲೇ ಅದು ಬಿಚ್ಚಿಕೊಂಡಿತು. ಮತ್ತೆ ಬಿಗಿದ, ಮತ್ತೆ ಬಿಚ್ಚಿತು. ಕಲ್ಲಪ್ಪಜ್ಜ ತಮ್ಮ ಅಂಗಡಿಗೆ ಕರೆದೊಯ್ದು ಬಹಳ ಹೊತ್ತು ಕೇಳಿದರು. “ಏನ್ ಕೇಳ್ಲೆಪಾ, ಒಂದ ಶಬ್ದ ಒಳಗ ಇಳೀವಲ್ದು” ಎಂದು ಪಾನ ಕೆಳಗಿಟ್ಟರು. ಉಳಿದ ಅಂಗಡಿಗಳಲ್ಲೂ ಅದೇ ಆಯಿತು. ಬಿಸಿಲು ಏರುವ ಹೊತ್ತಿಗೆ ಅವನಿಗೆ ಉಳಿದದ್ದು ಬೇವಿನ ಮರದ ಕೆಳಗಿನ ಒಂದೇ ಅಂಗಡಿ. ಅವನ ಹಿಂದೆ ಅರ್ಧ ಊರೇ ಬಂತು.

“ಬ್ಯಾಡವಾ” ಎಂದು ನಾನು ಹುಸೇನಬಿಗೆ ಕೈಯಾಡಿಸಿದೆ. ಈತ ಬಿದ್ದರೆ ಬೆಂಚು ಬೋರಲಾಗುತ್ತದೆ.

ಅವಳು ಸಾಣೆಯವನ ಮುಖ ನೋಡಿದಳು. “ಈತಗ ಬ್ಯಾರೆ ಅಂಗಡಿ ಇಲ್ಲ ಕಾಕಾ. ನಂಗ ಬ್ಯಾರೆ ಗಿರಾಕಿ ಇಲ್ಲ. ಬರಲಿ.”

ಅವನ ಸೈಕಲ್ಲಿನ ಸ್ಟ್ಯಾಂಡು ಮುರಿದಿತ್ತು. ಆದ್ದರಿಂದ ಬೆಂಚಿನ ಮೇಲೆ ಕೂರುವಂತಿರಲಿಲ್ಲ. ಅವನು ನಿಂತೇ ಹ್ಯಾಂಡಲ್ ಹಿಡಿದುಕೊಂಡ, ಸಾಣೆಕಲ್ಲಿನ ಭಾರಕ್ಕೆ ವಾಲದಂತೆ ಅವಳು ಹಿಂದಿನಿಂದ ಸೀಟು ಹಿಡಿದುಕೊಂಡಳು. ಅವನು ಮಾತು ಶುರುಮಾಡಿದ. ಅವಳು ರೂಢಿಯಂತೆ ಅವನ ತುಟಿ ನೋಡಿದಳು. ಆ ತುಟಿಯಿಂದ ಅವಳಿಗೆ ಏನೂ ಸಿಗಲಿಲ್ಲ. ತಲೆ ತಗ್ಗಿಸಿದಳು.

ಆಗ ಅವಳ ಮುಖ ಬದಲಾಯಿತು. ಸೀಟಿನ ಮೇಲಿದ್ದ ತನ್ನ ಕೈಯನ್ನೇ ನೋಡಿದಳು, ಯಾರೋ ಕೈಕುಲುಕಿದ ಹಾಗೆ. ಅವನ ಮಾತು ಏರಿದಾಗ ಹ್ಯಾಂಡಲ್ ಹಿಡಿದ ಮುಷ್ಟಿ ಬಿಗಿಯುತ್ತಿತ್ತು, ಇಳಿದಾಗ ನಡುಗುತ್ತಿತ್ತು. ಅದೆಲ್ಲ ಕಬ್ಬಿಣದೊಳಗಿಂದ ಹರಿದು ಅವಳ ಅಂಗೈಗೆ ಬಂದು ಮುಟ್ಟುತ್ತಿತ್ತು. ಅವಳು ಇನ್ನೊಂದು ಕೈಯನ್ನೂ ಅಲ್ಲಿಟ್ಟಳು. ಕಣ್ಣು ಮುಚ್ಚಿದಳು.

ಬಹಳ ಹೊತ್ತಾದ ಮೇಲೆ ಅವನು ಮಾತು ನಿಲ್ಲಿಸಿದ. ನೆಲ ನೋಡುತ್ತ ನಿಂತ.

“ಮುಗೀತಲ್ಲ, ಬಿಗಿ ಇನ್ನ” ಎಂದ ಈರಪಾಕ್ಷಿ. ನನಗೂ ಮುಗಿದಂತೆಯೇ ಕಂಡಿತು. ಹುಸೇನಬಿ ಕಣ್ಣು ತೆರೆಯಲಿಲ್ಲ. ಅವನ ಮುಷ್ಟಿ ಬೆಳ್ಳಗಾಗುವಷ್ಟು ಬಿಗಿದಿದ್ದುದು ನಮಗೆ ಯಾರಿಗೂ ಕಂಡಿರಲಿಲ್ಲ.

“ಮುಂದ?” ಅಂದಳು.

ಕನ್ನಡದ ಒಂದು ಅಕ್ಷರ ತಿಳಿಯದವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಹೇಳಿದ ನೋಡಿ. ಹೇಳುತ್ತ ಅತ್ತ, ಅಳುತ್ತ ಒಮ್ಮೆ ನಕ್ಕ, ನಗುತ್ತ ಯಾರದೋ ಹೆಸರು ಹಿಡಿದು ಕರೆದ. ಕಲ್ಲಪ್ಪಜ್ಜ ಪೇಟಾ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಡೆಗೆ ಅವನ ಬೆರಳುಗಳು ಹ್ಯಾಂಡಲ್ಲಿನ ಮೇಲೆ, ಸಂಜೆಯ ಮೊಗ್ಗು ಬಿರಿಯುವ ಹಾಗೆ, ಒಂದೊಂದಾಗಿ ಸಡಿಲವಾದವು.

ಹುಸೇನಬಿ ಕಣ್ಣು ತೆರೆದು ಪಾನ ಎತ್ತಿಕೊಂಡಳು.

ಸಾಣೆಯವನು ಏರು ಹತ್ತಿದ. ಮೊದಲ ತಿರುವು ದಾಟಿದ. ಹುಣಸೆಮರದ ತಿರುವಿನಲ್ಲಿ ಕೆಂಪು ರುಮಾಲು ಕಂಡಿತು, ಆಮೇಲೆ ಬಂಡೆಯ ಹಿಂದೆ ಮರೆಯಾಯಿತು. ಕೆಳಗೆ ನಾವು ಕಿವಿಗೊಟ್ಟು ನಿಂತೆವು. ಗಂಟೆಯಿಲ್ಲ. ಗಾಳಿ ಬೀಸಿತು, ಬೇವಿನ ಎಲೆ ಅಲ್ಲಾಡಿತು, ಗಂಟೆಯಿಲ್ಲ.

“ಬಿದ್ದಾನ” ಎಂದು ಯಾರೋ ಅಂದರು.

ಬಿದ್ದಿರಲಿಕ್ಕಿಲ್ಲ ಎಂದುಕೊಂಡೆ; ಪರದೇಶಿ, ಹಗ್ಗ ಜಗ್ಗಬೇಕೆಂದು ಅವನಿಗೆ ಹೇಳಿದವರು ಯಾರು? ಗುಡಿ ದಾಟಿ ಆಚೆ ಇಳಿದುಬಿಟ್ಟರೆ ಇವಳ ಬೆಂಚಿಗೆ ಸಾಕ್ಷಿ ಯಾರು? ಹುಸೇನಬಿ ಬೆಂಚಿನ ಒಂದು ತುದಿಗೆ ಕೈಹಚ್ಚಿ, ಕಣ್ಣನ್ನು ಗೋಪುರಕ್ಕೆ ನೆಟ್ಟು ನಿಂತಿದ್ದಳು.

“ಮುಟ್ಟಿದ” ಅಂದಳು ಹುಸೇನಬಿ.

ನಾವು ಅವಳನ್ನು ನೋಡಿದೆವು. ನಮಗೆ ಏನೂ ಕೇಳಿಸಿರಲಿಲ್ಲ. ಅವಳು ಬೆರಳು ಚಾಚಿದಳು. ಗೋಪುರದಿಂದ ಪಾರಿವಾಳಗಳು ಎದ್ದಿದ್ದವು, ಬಿಸಿಲಿನಲ್ಲಿ ಬೆಳ್ಳಗೆ ಒಂದು ಸುತ್ತು ತಿರುಗುತ್ತಿದ್ದವು. ಆಮೇಲೆ, ಅಷ್ಟು ದೂರ ದಾಟಿ, ಗಂಟೆಯ ಸದ್ದು ನಮ್ಮ ಕಿವಿಗೆ ಬಂತು. ದೇವರ ಮುಂದೆ ಗಂಟೆ ಕಂಡ ಮನುಷ್ಯ ಹಗ್ಗ ಜಗ್ಗದೆ ಹೋಗುವುದಿಲ್ಲ, ಅದಕ್ಕೆ ಭಾಷೆ ಬೇಕಾಗಿಲ್ಲ. ಇಡೀ ಊರಿಗಿಂತ ಮೊದಲು ಅವನು ಗಂಟೆ ಬಾರಿಸಿದ್ದು ಗೊತ್ತಾದದ್ದು ಕಿವಿ ಇಲ್ಲದವಳಿಗೆ.

ಯಾರು ಮೊದಲು ಕೂಗಿದರೋ ತಿಳಿಯದು. ಹೆಂಗಸರು ಅವಳ ಕೆನ್ನೆ ಸವರಿ ಲಟಿಕೆ ಮುರಿದರು. ಮುರಿದ ಕೈಯನ್ನು ಜೋಳಿಗೆಯಂತೆ ಕಟ್ಟಿಕೊಂಡಿದ್ದ ಸುಲೋಚನಾ ಅಕ್ಕೋರು ಎಲ್ಲರಿಗಿಂತ ಮುಂದೆ ಬಂದು ಬೆಂಚಿನ ಮೇಲೆ ಕೂತುಬಿಟ್ಟರು. “ಇದನ್ನ ಬೋರಲ ಹಾಕಬೇಕಂದ್ರ ನನ್ನ ಸೈತ ಎತ್ತಿ ಹಾಕ್ರಿ” ಅಂದರು. ಅಕ್ಕೋರದು ಭಾರಿ ಮೈಕಟ್ಟು. ಜನ ಬಿದ್ದು ಬಿದ್ದು ನಕ್ಕರು. ಕಲ್ಲಪ್ಪಜ್ಜ ಹೆಗಲ ಮೇಲಿನ ವಸ್ತ್ರ ತೆಗೆದು, ಅಕ್ಕೋರಿಗೆ ಪಕ್ಕಕ್ಕೆ ಸರಿಯಲು ಹೇಳಿ, ಹಲಗೆಯ ಧೂಳು ಒರೆಸಿದರು. ಅದಕ್ಕಿಂತ ದೊಡ್ಡ ತೀರ್ಪು ನಮ್ಮೂರಲ್ಲಿಲ್ಲ.

ಈರಪಾಕ್ಷಿ ಅವಳ ಎದುರು ಬಂದು ತುಟಿ ಕಾಣುವಂತೆ ನಿಧಾನವಾಗಿ ಕೇಳಿದ. “ಆತ ಏನ್ ಹೇಳಿದ ಹುಸೇನಬಿ?”

“ನಂಗೇನ್ ಗೊತ್ತು ತಮ್ಮಾ. ಪೂರಾ ಹೇಳಿದ.”

ಈರಪಾಕ್ಷಿ ಹೊರಟವನು ಎರಡು ಹೆಜ್ಜೆ ಇಟ್ಟು ತಿರುಗಿ ಬಂದ. ಆಮೇಲೆ, “ನನ್ನ ಸೈಕಲ್ಲಿಂದೂ ಯಾಕೋ ಮುಂದಿನ ಗಾಲಿ ಸರಿ ಇಲ್ಲ. ನಾಳೆ ತರ್ಲ್ಯಾ?” ಎಂದ. ಅಂಗಡಿ ಇಟ್ಟಲ್ಲಿಂದ ಈರಪಾಕ್ಷಿ ಯಾರ ಬೆಂಚಿನ ಮೇಲೂ ಕೂತವನಲ್ಲ.

“ನಾಳೆ ತಾ. ಇವತ್ತ ಕಾಕಾಂದು ಬಾಕಿ ಐತಿ” ಎಂದು ಅವಳು ನನ್ನ ಕಡೆ ತಿರುಗಿದಳು. “ಹೋಗ್ರಿ, ತಗೊಂಡ ಬರ್ರಿ. ಹುಣಸಿಮರದ ತಿರುವಿನಾಗ ಬುಟ್ಟಿ ನೋಡಿಕೋತ ನಿಂತಿದ್ರಿ. ಮುಂದ?”

ಅಷ್ಟನ್ನು ತುಟಿಯಲ್ಲಿ ಓದಿ ಇಟ್ಟುಕೊಂಡಿದ್ದಳು.

ಜನ ಕರಗಿದ ಮೇಲೆ ಸೈಕಲ್ಲು ತಂದು ಹ್ಯಾಂಡಲ್ ಹಿಡಿದು ನಿಂತೆ. ಅವಳು ಹಿಂದೆ ಸೀಟು ಹಿಡಿದಳು. ನಾನು ಅಂದು ನುಂಗಿದ ಮಾತನ್ನು ಹೊರಗೆ ತೆಗೆದೆ. ಆ ತಿರುವಿನಲ್ಲಿ ಉಸಿರಿಲ್ಲದೆ ನಿಂತಾಗ ನನಗೆ ಅನಿಸಿದ್ದೇನೆಂದರೆ, ಮೇಲಿರುವ ಆತ ನನ್ನ ಹೂವಿಗೆ ಕಾಯುತ್ತಾನೋ ಇಲ್ಲವೋ. ಕಾಯುತ್ತಾನೆಂದು ನಾನೇ ಅಂದುಕೊಂಡು ಒಂದು ಜನ್ಮವನ್ನು ತುಳಿದು ಕಳೆದೆನೋ ಏನೋ. ಹೂ ಒಯ್ಯುವವನು ಇದನ್ನು ಯಾರ ಮುಂದೆ ಹೇಳಬೇಕು? ಪೂಜಾರಿಗೆ ಹೇಳುವಂತಿಲ್ಲ, ದೇವರಿಗಂತೂ ಹೇಳುವಂತಿಲ್ಲ. ಹೇಳಿದೆ. ನಡುವೆ ಒಮ್ಮೆ ನಿಂತೆ, ಅವಳು ಕಾದಳು. ಮತ್ತೆ ಹೇಳಿದೆ. ಯಾವಾಗ ಮುಗಿಯಿತೋ ನನಗೆ ಗೊತ್ತಾಗಲಿಲ್ಲ. ಪಾನ ನಟ್ಟಿಗೆ ತಾಗಿದ ಸದ್ದು ಕೇಳಿ ನೋಡಿದರೆ ನನ್ನ ಕೈ ಹ್ಯಾಂಡಲ್ಲಿನ ಮೇಲೆ ಹಗುರಾಗಿ ಬಿದ್ದಿತ್ತು.

ಮರುದಿನ ಬೆಳಿಗ್ಗೆ ಬುಟ್ಟಿ ಕಟ್ಟಿಕೊಂಡು ಏರು ಹತ್ತಿದೆ. ಹುಣಸೆಮರ ದಾಟಿದ್ದು ಗೊತ್ತಾಗಲಿಲ್ಲ. ಉಸಿರು ಹತ್ತಿತು, ಆದರೂ ಸೈಕಲ್ಲಿನಿಂದ ಇಳಿಯಲಿಲ್ಲ; ತುಳಿದೆ. ಗುಡಿಯ ಮುಂದೆ ಸೈಕಲ್ಲು ಒರಗಿಸಿ ಎರಡೂ ಕೈಯಿಂದ ಹಗ್ಗ ಜಗ್ಗಿದೆ. ಪಾರಿವಾಳಗಳು ತಲೆಯ ಮೇಲಿಂದ ಎದ್ದವು. ತಿರುಗಿ ಕೆಳಗೆ ನೋಡಿದೆ. ಊರು ಅಂಗೈಯಗಲ ಕಾಣುತ್ತಿತ್ತು, ಬೇವಿನ ಮರ ಒಂದು ಹಸಿರು ಚುಕ್ಕೆ. ನನ್ನ ಗಂಟೆಯ ಸದ್ದು ಅಲ್ಲಿಯವರೆಗೆ ಇನ್ನೂ ಹೋಗಿರಲಿಕ್ಕಿಲ್ಲ. ಅಷ್ಟರಲ್ಲೇ ಆ ಚುಕ್ಕೆಯ ಪಕ್ಕದಲ್ಲಿ ಬಿಸಿಲಿಗೆ ಏನೋ ಪಳಪಳ ಹೊಳೆಯಿತು. ಹುಸೇನಬಿ ಪಾನ ಎತ್ತಿ ತೋರಿಸುತ್ತಿದ್ದಳು.

ನಾನು ಹೂವು ತೆಗೆದುಕೊಂಡು ಒಳಗೆ ಹೋದೆ.